ಚಪ್ಪಲಿ ಬಿಟ್ಟು ಹೋಗುವ ಮಿಲ್ಲು

ಮದ್ದೂರಿನ ರೈಲ್ವೆ ಸ್ಟೇಷನ್ನಿನ ಹಿಂದುಗಡೆ ಹೊನ್ನಯ್ಯನವರು ಕಟ್ಟಿಸಿದ ರೈಸ್ ಮಿಲ್ಲಿಗೆ ಹೋಗಬೇಕಾದರೆ ಯಾರೇ ಆಗಲಿ ಗೇಟಿನಲ್ಲೇ ಚಪ್ಪಲಿ ಬಿಡಬೇಕಾಗಿತ್ತು. ಬಿಡದೆ ಮುಂದೆ ಹೆಜ್ಜೆಯಿಟ್ಟವರು ಬೆಟ್ಟಮ್ಮನ ಬಾಯಿಗೆ ಬೀಳಬೇಕಾಗಿತ್ತು. ಎರಡರಲ್ಲಿ ಚಪ್ಪಲಿ ಬಿಡುವುದೇ ಸುಲಭವೆಂದು ಊರಿನವರು ಬೇಗ ಕಂಡುಕೊಂಡಿದ್ದರು.

ಮಿಲ್ಲಿನ ಮುಂದೆ ಇದ್ದದ್ದು ಕಣ. ಗೇಟು ದಾಟಿದರೆ ಕಣ, ಕಣ ದಾಟಿದರೆ ಮಿಲ್ಲು. ಎರಡು ಕಡೆಗೂ ಕಾಂಪೌಂಡು, ಹಿಂದೆ ರೈಲ್ವೆಯವರ ತಂತಿಬೇಲಿ. ಒಳಗೆ ಹೋಗಲು ಬೇರೆ ದಾರಿಯೇ ಇರಲಿಲ್ಲ. ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ಅರೆದು, ಹೆಂಗಸರಿಂದ ದಿನಗಟ್ಟಲೆ ತಟ್ಟಿಸಿ ಮಾಡಿದ ಗಾರೆಯ ಕಣ ಅದು. ನೀರು ಬಿದ್ದರೆ ನಿಲ್ಲದೆ ಹರಿದುಹೋಗುವಂತೆ ನಡುವೆ ಸ್ವಲ್ಪ ಉಬ್ಬಿಸಿದ್ದರು. ಕಣ ಮುಗಿದ ದಿನ ಹೊನ್ನಯ್ಯನವರು ರಾಶಿಪೂಜೆ ಮಾಡಿಸಿ, ತಮ್ಮ ಜೋಡನ್ನು ಗೇಟಿನಾಚೆ ಬಿಟ್ಟು ಒಳಗೆ ಬಂದರು. ಹಳ್ಳಿಯ ಕಣವಾದರೇನು, ಮಿಲ್ಲಿನ ಕಣವಾದರೇನು, ಕಾಳು ಬೀಳುವ ಜಾಗವನ್ನು ಮೆಟ್ಟಿನಲ್ಲಿ ತುಳಿಯಬಾರದು ಎಂದರು. ಅಂದು ಆ ಮಾತನ್ನು ಕೇಳಿದವರಲ್ಲಿ ಬಹಳ ಮಂದಿ ಮರೆತರು. ಬೆಟ್ಟಮ್ಮ ಮರೆಯಲಿಲ್ಲ.

ಬೆಟ್ಟಮ್ಮ ಮಳವಳ್ಳಿ ಕಡೆಯ ಪೂರಿಗಾಲಿಯ ಹೆಣ್ಣು. ಮಿಲ್ಲಿನಲ್ಲಿ ಬಾಯ್ಲರಿಗೆ ಹೊಟ್ಟು ತುಂಬುತ್ತಿದ್ದ ಮಾದಯ್ಯನನ್ನು ಮದುವೆಯಾಗಿ ಬಂದವಳು ಮಾರನೆಯ ವಾರವೇ ಕಣಕ್ಕಿಳಿದಳು. ಇಡ್ಲಿಗೆ ಬೇಕಾಗುವ ಕುಸುಬಲಕ್ಕಿ ಅಲ್ಲಿ ಆಗುತ್ತಿತ್ತು. ಹಬೆಯಲ್ಲಿ ಬೆಂದ ಭತ್ತವನ್ನು ಕಣಕ್ಕೆ ಸುರಿದು, ಮರದ ಗೋರೆಯಿಂದ ಹರವಿ, ಆಮೇಲೆ ಹೆಂಗಸರು ಸಾಲಾಗಿ ಕಾಲೆಳೆದು ನಡೆಯುತ್ತಿದ್ದರು. ಕಾಲು ಎಳೆದ ಕಡೆ ನೇಗಿಲು ಹೊಡೆದ ಹಾಗೆ ಸಾಲು ಬೀಳುತ್ತಿತ್ತು, ಕೆಳಗಿನ ಕಾಳು ಬಿಸಿಲಿಗೆ ಬರುತ್ತಿತ್ತು. ಬೆಟ್ಟಮ್ಮನ ಜೊತೆಗಾತಿ ಮಂಗಳಮ್ಮ ಆಗಾಗ ಅನ್ನುವುದಿತ್ತು: "ನಮ್ಮಪ್ಪ ನನ್ನ ಮಿಲ್ಲಿಗೆ ಕೊಟ್ಟ ಅಂದ್ಕೊಂಡಿದ್ದೆ ಕಣಮ್ಮಿ. ನೋಡುದ್ರೆ ಇಲ್ಲೂ ಉಳೋದೇ. ಎತ್ತು ಮಾತ್ರ ಇಲ್ಲ."

ಹೊನ್ನಯ್ಯನವರಿಗೆ ಕಣದ ಮೇಲೆ ಭಕ್ತಿ ಇದ್ದದ್ದು ನಿಜ. ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾಗಿದ್ದ ಲೆವಿ ಅಕ್ಕಿಯ ತನಿಖೆಗೆ ಅಧಿಕಾರಿಗಳು ಬಂದ ದಿನ ಅದು ಇನ್ನೂ ಹೆಚ್ಚುತ್ತಿತ್ತು. ಬೂಟು, ಪಟ್ಟಿ, ಕಾಲುಚೀಲ ಎಲ್ಲವನ್ನೂ ಬಂದವರು ಗೇಟಿನಲ್ಲಿ ಬಿಚ್ಚಿಡುವಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಏನೇನು ಎಲ್ಲೆಲ್ಲಿಗೆ ಹೋಗುತ್ತಿತ್ತೋ ಬೆಟ್ಟಮ್ಮನಿಗೆ ಗೊತ್ತಿಲ್ಲ. "ನಿಧಾನವಾಗಿ ಬಿಚ್ಲಿ ಕಣಮ್ಮ, ಅವಸರ ಮಾಡ್ಬೇಡ" ಎಂದು ಯಜಮಾನರು ಒಳಗಿನಿಂದ ಕೂಗಿ ಹೇಳುವುದನ್ನು ಮಾತ್ರ ಅವಳು ದೊಡ್ಡವರ ಮರ್ಯಾದೆ ಎಂದುಕೊಂಡಿದ್ದಳು.

ಹೊನ್ನಯ್ಯನವರು ಹೋದರು. ಅವರ ಹಿಂದೆಯೇ ಮಾದಯ್ಯನೂ ಹೋದ. ಎಪ್ಪತ್ತರ ದಶಕ ಹುಟ್ಟಿ ನಾಲ್ಕಾರು ವರ್ಷವಾಗುವಷ್ಟರಲ್ಲಿ ಮಿಲ್ಲೂ ನಿಂತಿತು. ಹೊನ್ನಯ್ಯನವರ ಮಗ ಚಲುವರಾಜು ಗೆಜ್ಜಲಗೆರೆಯ ಹತ್ತಿರ, ಹೆದ್ದಾರಿಯ ಬದಿಯಲ್ಲಿ, ರಬ್ಬರ್ ರೋಲರಿನ ಹೊಸ ಮಿಲ್ಲು ಹಾಕಿದ. ಹಳೆಯ ಮಿಲ್ಲಿನ ಯಂತ್ರಗಳು ಗುಜರಿಗೆ ಹೋದವು. ದೂರದ ರೈಲಿನಿಂದಲೂ ಕಾಣುತ್ತಿದ್ದ ಚಿಮಣಿಯನ್ನು ಕೆಡವಿ, ಆ ಇಟ್ಟಿಗೆಯಲ್ಲಿ ಚಲುವರಾಜು ತನ್ನ ಹೊಸ ಮನೆಗೆ ಕಾಂಪೌಂಡು ಹಾಕಿಸಿಕೊಂಡ. ಮದ್ದೂರು ಬಂತು ಎಂದು ಚಿಮಣಿ ನೋಡಿ ಎದ್ದು ನಿಲ್ಲುತ್ತಿದ್ದ ಪ್ರಯಾಣಿಕರು ಕೆಲವು ದಿನ ಮುಂದಿನ ಸ್ಟೇಷನ್ನಿಗೆ ಹೋಗಿ ಇಳಿದರಂತೆ.

ಹೊಸ ಮಿಲ್ಲಿನಲ್ಲಿ ತನಗೂ ಕೆಲಸವಿದೆಯೇ ಎಂದು ಬೆಟ್ಟಮ್ಮ ಕೇಳಿದಳು.

"ಅಲ್ಲಿ ಬತ್ತ ಒಣಗ್ಸಕ್ಕೆ ಮಿಸೀನು ಐತೆ ಬೆಟ್ಟಮ್ಮ. ಕಾಲು ಬೇಕಿಲ್ಲ" ಎಂದ ಚಲುವರಾಜು.

"ಬಿಸ್ಲು?"

"ಬಿಸ್ಲೂ ಬೇಕಿಲ್ಲ."

"ಬಿಸ್ಲೂ ಬ್ಯಾಡ್ವಾ! ಅದ್ಯಾಕಪ್ಪ ಚಿಕ್ಕೆಜಮಾನ, ಸೂರ್ಯಪ್ಪ ಏನಾರ ಕೂಲಿ ಕೇಳ್ತಿದ್ನಾ?"

ಚಲುವರಾಜು ನಕ್ಕು, ಗೇಟಿನ ಪಕ್ಕದ ತೂಕದ ಕೋಣೆಯಲ್ಲಿ ಅವಳು ಇರಬಹುದೆಂದು ಹೇಳಿ ಹೋದ. ಮಕ್ಕಳಿಲ್ಲದ ಬೆಟ್ಟಮ್ಮನಿಗೆ ಉಳಿದದ್ದು ಆ ಕಣ ಒಂದೇ. ಬೆಳಿಗ್ಗೆ ಎದ್ದು ಅದನ್ನು ಗುಡಿಸಿ, ಸುತ್ತಮುತ್ತಲ ಒಕ್ಕಲು ಮಕ್ಕಳು ತರುವ ಪುಡಿ ರಾಗಿ, ಹುರುಳಿಯನ್ನು ಕಾಲಲ್ಲಿ ಸಾಲು ಹಾಕಿ ಒಣಗಿಸಿ ಕೊಟ್ಟರೆ ಅವಳಿಗೆ ಹೊಟ್ಟೆಗೂ ಆಗುತ್ತಿತ್ತು, ದಿನವೂ ಸಾಗುತ್ತಿತ್ತು. ಶುಕ್ರವಾರ ಸಂಜೆ, ಯಂತ್ರಗಳು ಹೋದರೂ ಉಳಿದಿದ್ದ ಬಾಯ್ಲರಿನ ಒಲೆಯ ಬಾಯಲ್ಲಿ ಒಂದು ಹಣತೆ ಹಚ್ಚುವಳು. ಅದು ಮಾದಯ್ಯನಿಗೆ, ಮತ್ತೆ ಅನ್ನ ಕೊಟ್ಟ ಬೆಂಕಿಗೆ. ದೇವರಿಗೆ ಕೈ ಮುಗಿಯಲು ಶನಿವಾರ ನರಸಿಂಹಸ್ವಾಮಿ ಗುಡಿಗೆ ಹೋಗುವಳು. ಯಾವುದು ಗುಡಿ, ಯಾವುದು ಮಿಲ್ಲು ಎಂಬುದರಲ್ಲಿ ಅವಳಿಗೆ ಯಾವತ್ತೂ ಗೊಂದಲವಿರಲಿಲ್ಲ.

ಗೊಂದಲ ಬಂದದ್ದು ಸರ್ಕಾರದಿಂದ.

ಖಾಲಿ ಮಿಲ್ಲನ್ನು ಒಂದು ಇಲಾಖೆ ಬಾಡಿಗೆಗೆ ಹಿಡಿಯಿತು. ಇಲಾಖೆಯ ಹೆಸರು ಬೋರ್ಡಿನ ಮೇಲೆ ಮೂರು ಸಾಲು ಉದ್ದವಿತ್ತು. ಅದನ್ನು ಓದಿ ಮುಗಿಸಿದವರು ಕಡಿಮೆ. ಊರವರು ಸುಮ್ಮನೆ 'ಆಪೀಸು' ಎಂದರು. ಅದರ ಸೂಪರಿಂಟೆಂಡೆಂಟ್ ಅನಂತರಾಮು ಮಂಡ್ಯದಿಂದ ರೈಲಿನಲ್ಲಿ ಬರುವವರು. ಬಿಳಿ ಪ್ಯಾಂಟು, ಹಣೆಯಲ್ಲಿ ತೆಳ್ಳಗೆ ಶ್ರೀಚೂರ್ಣ, ಕಾಲಲ್ಲಿ ಮುಖ ಕಾಣುವಂತೆ ಉಜ್ಜಿದ ಕರಿ ಬೂಟು. ಮೊದಲನೆಯ ದಿನವೇ ಗೇಟಿನಲ್ಲಿ ಪೊರಕೆ ಅಡ್ಡ ಬಂತು.

"ಜೋಡು ಅಲ್ಲೇ ಬುಡಿ ಬುದ್ದಿ."

"ಇದು ಗೌರ್ಮೆಂಟ್ ಆಫೀಸಮ್ಮಾ" ಎಂದರು ಅನಂತರಾಮು.

"ಆಪೀಸು ಒಳಗೈತೆ. ಇದು ಕಣ."

"ಕಣದಲ್ಲಿ ಒಂದು ಕಾಳೂ ಕಾಣ್ತಿಲ್ಲವಲ್ಲ?"

"ಪೂಜೆ ಇಲ್ದಾಗ ನೀವು ದೇವಸ್ತಾನ್ದೊಳಕ್ಕೆ ಜೋಡು ಮೆಟ್ಕೊಂಡು ಓಯ್ತೀರಾ ಬುದ್ದಿ?"

ಅನಂತರಾಮು ಅರ್ಚಕರ ಮನೆತನದಲ್ಲಿ ಹುಟ್ಟಿದವರು. ಹಿಂದೆ ಗುಮಾಸ್ತರೆಲ್ಲ ನಿಂತು ನೋಡುತ್ತಿದ್ದರು. ಅನಂತರಾಮು ಬೂಟು ಬಿಚ್ಚಿದರು. ಸಾಹೇಬರೇ ಬಿಚ್ಚಿದ ಮೇಲೆ ಗುಮಾಸ್ತರು, ಜವಾನ, ಕೆಲಸಕ್ಕೆ ಬಂದ ಹಳ್ಳಿಯವರು ಎಲ್ಲರೂ ಬಿಟ್ಟರು. ಒಂದು ವಾರದಲ್ಲಿ ಯಾರಿಗೂ ಯಾರೂ ಹೇಳಬೇಕಾಗಿರಲಿಲ್ಲ. ಗೇಟು ಕಂಡರೆ ಕಾಲು ತಾನಾಗಿ ಚಪ್ಪಲಿಯಿಂದ ಹೊರಗೆ ಬರುತ್ತಿತ್ತು.

ಇದರಿಂದ ಆಡಳಿತಕ್ಕೆ ಒದಗಿದ ತೊಂದರೆಯನ್ನು ಮಾತ್ರ ಯಾರೂ ಮೊದಲು ಊಹಿಸಿರಲಿಲ್ಲ. ಬೇರೆ ಕಚೇರಿಗಳಲ್ಲಿ ಸಾಹೇಬರು ಇದ್ದಾರೋ ಇಲ್ಲವೋ ಎಂಬುದು ಜವಾನನ ಬಾಯಲ್ಲಿರುತ್ತದೆ. ಇಲ್ಲಿ ಅದು ಗೇಟಿನಲ್ಲಿ ಬಿದ್ದಿರುತ್ತಿತ್ತು. ಪಂಪ್‌ಸೆಟ್ಟಿನ ಕಾಗದಕ್ಕೆಂದು ತಿಂಗಳುಗಟ್ಟಲೆ ಅಲೆಯುತ್ತಿದ್ದ ಜವರಯ್ಯ ಎಂಬ ರೈತ ಸೈಕಲ್ಲಿನಿಂದ ಇಳಿಯದೆ, ಗೇಟಿನ ಹತ್ತಿರ ಕಡಲೆಕಾಯಿ ಮಾರಲು ಕೂರುತ್ತಿದ್ದ ಮಂಗಳಮ್ಮನನ್ನು ಕೇಳುವನು:

"ಕರಿ ಬೂಟು ಬಂದೈತಾ ಮಂಗ್ಳಮ್ಮ?"

"ಇಲ್ಲ ಕಣಪ್ಪ. ಕಂದು ಚಪ್ಲಿ ಮೂರೈತೆ, ಅರ್ದೋಗಿರೋ ಚಪ್ಲಿ ಒಂದೈತೆ."

"ಅಂಗಾರೆ ಗುಮಾಸ್ತ್ರು ಅಷ್ಟೇ. ಓಯ್ತೀನಿ ಬುಡು."

ಅನಂತರಾಮು ಯೋಚನೆ ಮಾಡಿದರು. ಮುಂದಿನ ಸೋಮವಾರ ಮಂಡ್ಯದಿಂದ ತಮ್ಮ ಇನ್ನೊಂದು ಜೊತೆ ಹಳೆಯ ಕರಿ ಬೂಟನ್ನು ಕಾಗದದಲ್ಲಿ ಸುತ್ತಿ ತಂದು ಗೇಟಿನಲ್ಲಿ ಇಟ್ಟರು. ಅಂದಿನಿಂದ ಸಾಹೇಬರು ಸದಾ ಕಚೇರಿಯಲ್ಲೇ ಇರತೊಡಗಿದರು. ಭಾನುವಾರವೂ ಇದ್ದರು. ಯುಗಾದಿಯ ದಿನವೂ ಇದ್ದರು. ಇಂಥ ಕೆಲಸಗಾರ ಅಧಿಕಾರಿ ಜಿಲ್ಲೆಯಲ್ಲೇ ಇಲ್ಲವೆಂದು ಜವಾನ ಹೇಳಿಕೊಂಡು ತಿರುಗಿದ. ಬೆಟ್ಟಮ್ಮ ದಿನವೂ ಆ ಬೂಟನ್ನು ಎತ್ತಿ, ಕೆಳಗಿನ ದೂಳು ಗುಡಿಸಿ, ಮತ್ತೆ ಅಲ್ಲೇ ಇಡುವಳು. ಕೊನೆಗೆ ಜವರಯ್ಯನೇ ಒಂದು ದಿನ ಬಗ್ಗಿ ನೋಡಿ ಜವಾನನನ್ನು ಕರೆದ.

"ಲೇ, ಸಾಯೇಬ್ರು ಒಳಗವ್ರೆ ಅಂತೀಯಲ್ಲ, ಬೂಟ್ನೊಳಗೆ ಜೇಡ ಸಂಸಾರ ಊಡವ್ನೆ ನೋಡ್ಲಾ!"

ಆ ಮಧ್ಯಾಹ್ನವೇ ಅನಂತರಾಮು ಮೇಲಿನವರಿಗೆ ಬರೆದರು. ಹಳೆಯ ಮಿಲ್ಲೊಂದರಲ್ಲಿ ಕಚೇರಿ ನಡೆಸುವುದು ಇಲಾಖೆಯ ಘನತೆಗೆ ಕುಂದು. ಜಾಗವನ್ನು ಕೊಂಡು, ಕಟ್ಟಡವನ್ನು ಕೆಡವಿ, ಕಣವನ್ನು ಅಗೆದು ಹೊಸದಾಗಿ ಕಟ್ಟಬೇಕು ಎಂದು. ಪಂಪ್‌ಸೆಟ್ಟಿನ ಕಾಗದಕ್ಕೆ ಇಲ್ಲದ ವೇಗ ಈ ಕಾಗದಕ್ಕೆ ಬಂತು. ಚುನಾವಣೆ ಮುಂದಿದ್ದ ವರ್ಷ ಅದು. ಶಂಕುಸ್ಥಾಪನೆಗಳಿಗೆ ಬೇಡಿಕೆ ಇತ್ತು. ಮಂತ್ರಿಗಳೊಬ್ಬರು ಒಪ್ಪಿದರು. ಅವರ ಹೆಸರು ಕೆತ್ತಿದ ಕಲ್ಲೂ ಬಂತು.

ಸುದ್ದಿ ಹೇಳಲು ಚಲುವರಾಜುವೇ ಬಂದ. ಬೆಟ್ಟಮ್ಮ ಪೊರಕೆ ಕೆಳಗಿಟ್ಟು ಕೇಳಿದಳು.

"ಗೋಡೆ ನಿಮ್ದು, ಒಡ್ಕೊಳ್ಳಿ. ಕಣ ಬುಟ್ಬುಡಿ ಅಪ್ಪಯ್ಯ."

"ಕಣದ ಮೇಲೇನೇ ಬಿಲ್ಡಿಂಗು ಬರೋದು ಬೆಟ್ಟಮ್ಮ. ನಿಂಗೆ ಬೇರೆ ಎಲ್ಲಾರ ಜಾಗ ನೋಡಾನ."

"ಜಾಗ ನಂಗಲ್ಲ. ಕಾಳಿಗೆ" ಎಂದಳು ಬೆಟ್ಟಮ್ಮ. ಆ ದಿನ ಅವಳು ಗುಡಿಸಿದ ಕಣವನ್ನೇ ಮತ್ತೊಮ್ಮೆ ಗುಡಿಸಿದಳು.

ಶಂಕುಸ್ಥಾಪನೆ ಶುಕ್ರವಾರ ಸಂಜೆಗೆ ಗೊತ್ತಾಗಿತ್ತು. ಬೆಟ್ಟಮ್ಮ ಪೊರಕೆ ಹಿಡಿದು ಎದುರಿಗೆ ಬಾರದಂತೆ ನೋಡಿಕೊಳ್ಳಲು ಅನಂತರಾಮು ಜವಾನನಿಗೆ ಹೇಳಿದ್ದರು. ಆದರೆ ಕಾಲುಗಳಿಗೆ ಹೇಳಲು ಮರೆತಿದ್ದರು. ಹೂಮಾಲೆ ಹಿಡಿದು ಗಡಿಬಿಡಿಯಲ್ಲಿ ಓಡಿಬಂದ ಗುಮಾಸ್ತರು, ಗುತ್ತಿಗೆದಾರ, ಚಲುವರಾಜು, ಕೊನೆಗೆ ಸ್ವತಃ ಅನಂತರಾಮು, ಎಲ್ಲರೂ ಅಭ್ಯಾಸಬಲದಿಂದ ಗೇಟಿನಲ್ಲಿ ಜೋಡು ಬಿಟ್ಟೇ ಒಳಗೆ ನಿಂತಿದ್ದರು.

ಮಂತ್ರಿಗಳ ಕಾರು ತಡವಾಗಿ ಬಂತು. ಇಳಿದವರು ಮೊದಲು ನೋಡಿದ್ದು ರಾಶಿ ಬಿದ್ದ ಚಪ್ಪಲಿ. ತಲೆ ಎತ್ತಿದರೆ ಮಿಲ್ಲಿನ ಬಾಗಿಲ ಮೇಲೆ ಎರಡು ಆನೆಗಳ ನಡುವೆ ಗಾರೆಯ ಲಕ್ಷ್ಮಿ. ಒಳಗೆ ಹೊಗೆ ಹಿಡಿದ ಕಪ್ಪು ಗೂಡಿನಲ್ಲಿ ಒಂದು ದೀಪ. ಊರೂರು ತಿರುಗಿ ಅನುಭವವಿದ್ದ ಅವರು ಯಾರನ್ನೂ ಏನೂ ಕೇಳದೆ ಚಪ್ಪಲಿ ಬಿಟ್ಟು, ನೇರವಾಗಿ ಬಾಯ್ಲರಿನ ಒಲೆಯ ಮುಂದೆ ಹೋಗಿ, ಕಣ್ಣು ಮುಚ್ಚಿ ಕೈ ಮುಗಿದು ನಿಂತರು. ಅವರ ಹಿಂದೆ ಬಂದವರೂ ಮುಗಿದರು. ಫೋಟೋದವನು ಫೋಟೋ ಹೊಡೆದ.

"ಯಾವ ಅಮ್ಮನವರು?" ಎಂದು ಮಂತ್ರಿಗಳು ಮೆಲ್ಲಗೆ ಕೇಳಿದರು.

ಅದು ಬಾಯ್ಲರಿನ ಒಲೆ ಸಾರ್ ಎಂದು ಹೇಳಬಹುದಾಗಿತ್ತು. ಹೇಳಿದರೆ, ಮಂತ್ರಿಗಳು ಹೊಟ್ಟು ಉರಿಸುವ ಒಲೆಗೆ ನಮಸ್ಕಾರ ಮಾಡಿದರು ಎಂದಾಗುತ್ತಿತ್ತು. ಅನಂತರಾಮು ಅವರ ಸರ್ವೀಸು ಇನ್ನೂ ಬಹಳ ಉಳಿದಿತ್ತು.

"ಧಾನ್ಯಲಕ್ಷ್ಮಿ, ಸಾರ್" ಎಂದರು.

ಮಂತ್ರಿಗಳ ಮುಖ ಕೆಂಪಾಯಿತು. "ಏನ್ರೀ, ಅಮ್ಮನವರ ಗುಡಿ ಕೆಡವೋದಕ್ಕೆ ನನ್ನ ಕೈಲಿ ಗುದ್ದಲಿ ಹಿಡಿಸ್ತೀರಾ? ಎಲೆಕ್ಷನ್ ವರ್ಷದಲ್ಲಿ! ಇದು ಗುಡಿಯೋ ಕಚೇರಿಯೋ, ಯಾವ ಕಾಲದ್ದು, ಎಲ್ಲಾ ವಿಚಾರಿಸಿ ನನಗೆ ವರದಿ ಬರಬೇಕು" ಎಂದು ಹೇಳಿ ಕಾರು ಹತ್ತಿದರು. ಹೆಸರು ಕೆತ್ತಿದ ಕಲ್ಲು ಕಾಂಪೌಂಡಿಗೆ ಒರಗಿಕೊಂಡು ನಿಂತಿತು.

ವರದಿ ಬರುವುದು ಹಾಗಿರಲಿ, ಭಕ್ತರು ಬಂದರು. ಮುಂದಿನ ಶುಕ್ರವಾರಕ್ಕೆ ಚಲುವರಾಜು ಕಟ್ಟು ಹಾಕಿದ ಧಾನ್ಯಲಕ್ಷ್ಮಿಯ ಪಟ ತಂದು ಒಲೆಯ ಬಾಯಲ್ಲಿಟ್ಟ. ಜಾಗ ಮಾರಿದರೆ ದುಡ್ಡು ಒಂದು ಸಲ, ಗುಡಿಯಾದರೆ ಪ್ರತಿ ಶುಕ್ರವಾರ ಎಂಬುದು ಅವನಿಗೆ ಬೇಗ ಅರ್ಥವಾಗಿತ್ತು. ಟ್ಯೂಬ್‌ಲೈಟು ಬಂತು, ಮೈಕು ಬಂತು, ಹುಂಡಿ ಬಂತು, ಕಮಿಟಿ ಬಂತು. ಕಮಿಟಿಗೆ ಅನಂತರಾಮು ಗೌರವಾಧ್ಯಕ್ಷರು. ಮಾದಯ್ಯನ ಹಣತೆಯನ್ನು ಯಾರೋ ಎಣ್ಣೆ ಜಿಡ್ಡೆಂದು ಎತ್ತಿ ಮೂಲೆಗಿಟ್ಟರು. ಕಣದ ನಡುವೆ ತೆಂಗಿನಕಾಯಿ ಒಡೆದು ಒಡೆದು ಗಾರೆಯ ಮೇಲೆ ಚಕ್ಕೆ ಎದ್ದಿತು.

"ಕಾಯಿ ಅತ್ಲಾಗೆ ಕಲ್ಲಿನ ಮೇಲೆ ಒಡೀರಪ್ಪಾ, ಕಣದ ಮೇಲೆ ಬ್ಯಾಡ" ಎಂದು ಬೆಟ್ಟಮ್ಮ ಕೂಗಿದರೆ, ಜನ ಅದನ್ನೇ ಅಪ್ಪಣೆ ಎಂದುಕೊಂಡು ಅವಳ ಕಾಲಿಗೆ ಬೀಳತೊಡಗಿದರು. 'ಕಣದಮ್ಮ' ಎಂಬ ಹೆಸರೂ ಬಿತ್ತು. ಮಂಗಳಮ್ಮನಿಗೆ ಕಡಲೆಕಾಯಿ ವ್ಯಾಪಾರ ಚೆನ್ನಾಗಿ ಕುದುರಿತ್ತು.

"ಕಾಲು ತೊಳ್ಕೊಂಡಿರೇ ಅಮ್ಮಿ. ಯಾವಾಗ ಯಾರು ಬೀಳ್ತಾರೋ ಏನೋ" ಎಂದು ಅವಳು ನಗುವಳು.

"ನಗ್ಬ್ಯಾಡ ಸುಮ್ಕಿರು. ನಂಗ್ಯಾಕೋ ಇದು ಸರಿ ಕಾಣಾಕಿಲ್ಲ."

"ಯಾಕಂತೆ? ಕಣ ಉಳೀತಲ್ಲ."

ಅದು ನಿಜ. ಕಣ ಉಳಿದಿತ್ತು. ಬೆಟ್ಟಮ್ಮ ಅದೊಂದನ್ನೇ ಮನಸ್ಸಿಗೆ ಹೇಳಿಕೊಳ್ಳುತ್ತ ಕುಂಕುಮದ ಕೆಸರನ್ನು ತೊಳೆಯುತ್ತಿದ್ದಳು.

ಹಾಗೆ ತೊಳೆಯುತ್ತಿದ್ದಾಗ ಒಂದು ಮಧ್ಯಾಹ್ನ ಬಸರಾಳಿನ ಕಡೆಯಿಂದ ಪುಟ್ಟಮಾದಮ್ಮ ಎಂಬ ಎಳೆಯ ತಾಯಿ ಬಂದಳು. ಮಗುವನ್ನು ಬಿಸಿಲು ಕಾದ ಕಣದ ಮೇಲೆ ಮಲಗಿಸಿ ದೂರ ನಿಂತು ಕೈ ಮುಗಿದಳು. ಬೆಟ್ಟಮ್ಮ ಓಡಿಹೋಗಿ ಎತ್ತಿಕೊಂಡರೆ, ಕಣಕ್ಕಿಂತ ಮಗುವಿನ ಮೈಯೇ ಹೆಚ್ಚು ಸುಡುತ್ತಿತ್ತು.

"ಇದೇನೇ ತಾಯಿ ಇದು?"

"ಮೂರು ದಿನದಿಂದ ಜ್ವರ ಕಣವ್ವ. ಆಸ್ಪತ್ರೆಗೆ ಓಗ್ಬ್ಯಾಡ, ಕಣದಮ್ಮನ್ತಾವ ಆಕು, ಬುಟ್ಟೋಯ್ತದೆ ಅಂದ್ರು."

"ಯಾರಂದ್ರು?"

"ಮೈಕಲ್ಲಿ ಏಳ್ತಾರಂತಲ್ಲ."

ಬೆಟ್ಟಮ್ಮ ಮಗುವನ್ನು ಸೆರಗಿನಲ್ಲಿ ಸುತ್ತಿ, ಕಡಲೆಕಾಯಿ ಬುಟ್ಟಿಯನ್ನು ತಾನು ನೋಡಿಕೊಳ್ಳುವುದಾಗಿ ಹೇಳಿ, ಮಂಗಳಮ್ಮನನ್ನು ಜೊತೆಮಾಡಿ ತಾಯಿ ಮಗುವನ್ನು ಆಸ್ಪತ್ರೆಗೆ ಅಟ್ಟಿದಳು. ಮಗು ಉಳಿಯಿತು. ಅದು ಉಳಿದದ್ದನ್ನೂ ಕಮಿಟಿಯವರು ಮೈಕಿನಲ್ಲಿ ಅಮ್ಮನವರ ಲೆಕ್ಕಕ್ಕೇ ಬರೆದುಕೊಂಡರು.

ಕೆಲವು ದಿನಗಳಲ್ಲಿ ಮಂತ್ರಿಗಳು ಕೇಳಿದ ವರದಿಗಾಗಿ ತಿರುನಾರಾಯಣ ಎಂಬ ಹಿರಿಯ ಅಧಿಕಾರಿ ವಿಚಾರಣೆಗೆ ಬರುತ್ತಾರೆಂದು ತಿಳಿಯಿತು. ಹಿಂದಿನ ದಿನ ಚಲುವರಾಜುವೂ ಅನಂತರಾಮುವೂ ಬೆಟ್ಟಮ್ಮನ ಕೋಣೆಯ ಬಾಗಿಲಲ್ಲಿ ಬಂದು ಕೂತರು. ಅವಳ ಬಾಗಿಲಿಗೆ ಅವರು ಬಂದದ್ದು ಅದೇ ಮೊದಲು.

"ಅಮ್ಮ ಕನಸಲ್ಲಿ ಬಂದಿದ್ಲು ಅನ್ನು, ಸಾಕು. ಒಂದ್ ಮಾತು" ಎಂದ ಚಲುವರಾಜು. "ಕಣ ಹಂಗೇ ಇರ್ತದೆ. ಇಲ್ಲಾಂದ್ರೆ ಬಿಲ್ಡಿಂಗ್ ಫೈಲು ಮತ್ತೆ ಏಳ್ತದೆ, ಕಣ ಅಗುದ್ಬುಡ್ತಾರೆ."

"ನೋಡಮ್ಮಾ, ಮೊದಲನೇ ದಿನ ನೀನೇ ದೇವಸ್ಥಾನ ಅಂದೆ. ನೆನಪಿದೆಯಾ?" ಎಂದರು ಅನಂತರಾಮು. ಮಂತ್ರಿಗಳಿಗೆ ಹೇಳಿದ ಧಾನ್ಯಲಕ್ಷ್ಮಿಯನ್ನು ಅವರಿಗೆ ಈಗ ನಿಜ ಮಾಡಬೇಕಾಗಿತ್ತು.

"ದೇವಸ್ತಾನದಂಗೆ ಅಂದೆ ಬುದ್ದಿ. ದೇವಸ್ತಾನ ಅನ್ಲಿಲ್ಲ."

"ಅಷ್ಟೇನಮ್ಮಾ ವ್ಯತ್ಯಾಸ!"

ಬೆಳಿಗ್ಗೆ ಬೆಟ್ಟಮ್ಮ ನರಸಿಂಹಸ್ವಾಮಿ ಗುಡಿಗೆ ಹೋಗಿ, ಏನೂ ಕೇಳಿಕೊಳ್ಳದೆ, ಸ್ವಲ್ಪ ಹೊತ್ತು ನಿಂತು ಬಂದಳು.

ವಿಚಾರಣೆಗೆ ಕಣದಲ್ಲೇ ಶಾಮಿಯಾನ ಹಾಕಿ ಮೇಜು ಇಟ್ಟಿದ್ದರು. ಊರೇ ನೆರೆದಿತ್ತು, ಎಲ್ಲರೂ ಬರಿಗಾಲಲ್ಲಿ. ತಿರುನಾರಾಯಣ ಅವರೂ ಚಪ್ಪಲಿ ಬಿಟ್ಟು ಬಂದು ಕೂತರು. ನಾಲ್ಕಾರು ಮಂದಿ ಹಿರಿಯರು, ತಾತನ ಕಾಲದಿಂದ ಇಲ್ಲಿ ಅಮ್ಮನ ನೆಲೆ ಇತ್ತು ಎಂದು ಹೇಳಿ ಹೋದರು. ಅವರಲ್ಲಿ ಇಬ್ಬರು ಮಿಲ್ಲು ಕಟ್ಟಲು ಇಟ್ಟಿಗೆ ಹೊತ್ತವರು. ಕೊನೆಗೆ ಬೆಟ್ಟಮ್ಮನನ್ನು ಕರೆದರು. ಅವಳ ಕನಸಿನ ವಿಷಯವನ್ನು ಚಲುವರಾಜು ಮೊದಲೇ ಅವರ ಕಿವಿಗೆ ಹಾಕಿದ್ದ.

"ನಿನಗೆ ಕನಸು ಬಿದ್ದದ್ದು ನಿಜವೇನಮ್ಮ?" ಎಂದರು ತಿರುನಾರಾಯಣ.

"ನಿಜ ಬುದ್ದಿ. ಬಿತ್ತು."

ಚಲುವರಾಜು ಉಸಿರುಬಿಟ್ಟ. ಹೆಂಗಸರ ಗುಂಪಿನಲ್ಲಿ ಯಾರೋ ಕೈ ಮುಗಿದರು.

"ಯಾರು ಬಂದಿದ್ದರು?"

"ನನ್ನ ಗಂಡ. 'ಬಾಯ್ಲರ್ ಬಾಯಿಗೆ ಲೈಟು ಯಾಕಮ್ಮಿ ಆಕ್ಸಿದ್ದೀಯಾ, ಕಣ್ಣು ಕುಕ್ತದೆ, ತಗ್ಸು' ಅಂದ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಬೆಟ್ಟಮ್ಮ ನಗಲಿಲ್ಲ.

"ಅಲ್ಲಿ ದೇವ್ರಿಲ್ಲ ಬುದ್ದಿ. ಅದು ಒಲೆ. ಇದು ಕಣ, ಇಲ್ಲಿ ಬತ್ತ ಒಣಗಾಕ್ತಿದ್ದೊ. ಕಾಳು ಬೀಳೋ ಜಾಗ ಅಂತ ಜೋಡು ಬುಡ್ಸದೆ, ಇನ್ನೇನೂ ಇಲ್ಲ. ಈ ಕಣ ಓದ್ರೆ ನಾನೂ ಓದಂಗೇ. 'ಐತೆ' ಅಂದ್ಬುಡಾನ ಅಂತ ನಂಗೂ ಆಸೆ ಆಯ್ತು. ಆದ್ರೆ ಯಾರೋ ಎಳೇ ಕೂಸು ತಂದು ಇಲ್ಲಿ ಬಿಸ್ಲಿಗಾಕಿದ್ರು. ಇಲ್ದೇ ಇರೋ ಅಮ್ಮನ್ನ ನಂಬ್ಕೊಂಡು. ಆ ಪಾಪ ನಂಗ್ ಬ್ಯಾಡ."

ತಿರುನಾರಾಯಣ ಅವರು ತಲೆದೂಗಿ ಬರೆದುಕೊಂಡರು. ಬರೆದಾದ ಮೇಲೆ ಅವರು ಮಾಡಿದ ಕೆಲಸವೆಂದರೆ, ಜವಾನನನ್ನು ಕರೆದು ತಮ್ಮ ಚಪ್ಪಲಿಯನ್ನು ಮೇಜಿನ ಹತ್ತಿರಕ್ಕೇ ತರಿಸಿದ್ದು. ದೇವರಿಲ್ಲ ಎಂದು ಕಾಗದದಲ್ಲಿ ಬಿದ್ದ ಮೇಲೆ ಬರಿಗಾಲಲ್ಲಿ ನಡೆಯುವುದಕ್ಕೆ ಕಾರಣವಿರಲಿಲ್ಲ. ಅವರು ಮೆಟ್ಟಿಕೊಂಡರು, ಅನಂತರಾಮು ಗೇಟಿಗೆ ಓಡಿ ಬೂಟು ಹಾಕಿಕೊಂಡು ವಾಪಸು ಬಂದರು, ಒಬ್ಬರ ಹಿಂದೆ ಒಬ್ಬರು ಎಲ್ಲರೂ ಹಾಕಿಕೊಂಡರು. ಕಣದ ಮೇಲೆ ಮೊದಲ ಸಲ ಚಪ್ಪಲಿಗಳ ಪಟಪಟ ಕೇಳಿತು. ಬೆಟ್ಟಮ್ಮ ತೂಕದ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡಳು.

ಚಲುವರಾಜು ಆ ವಾರವೇ ಪಟ, ಟ್ಯೂಬ್‌ಲೈಟು, ಹುಂಡಿಗಳನ್ನು ಗೆಜ್ಜಲಗೆರೆಯ ಹೊಸ ಮಿಲ್ಲಿಗೆ ಸಾಗಿಸಿದ. ಅಮ್ಮನವರಿಗೆ ಬಸ್ಸಿನ ಅನುಕೂಲವಿರುವ ಜಾಗವೇ ಇಷ್ಟವಾಯಿತು ಎಂದು ಕಮಿಟಿ ತಿಳಿಸಿತು. ಇತ್ತ ಕಟ್ಟಡದ ಫೈಲು ಎದ್ದು ಕೂತಿತು. ಚುನಾವಣೆ ಕಳೆದು, ಮುಂದಿನ ಸುಗ್ಗಿಯ ಹೊತ್ತಿಗೆ ಕಣ ಅಗೆಯುವ ದಿನವೂ ಗೊತ್ತಾಯಿತು.

ಭಕ್ತರು ಬರುವುದು ನಿಂತದ್ದಕ್ಕೆ ಮಂಗಳಮ್ಮನಿಗೆ ಸಿಟ್ಟು. "ಒಂದ್ ಸುಳ್ಳು ಏಳಿದ್ರೆ ನಾಲ್ಗೆ ಬಿದ್ದೋಯ್ತಿತ್ತೇನೇ? ಈಗ ಎಲ್ಲೋಯ್ತೀಯ?"

"ಪೂರಿಗಾಲಿಲಿ ನಮ್ಮಣ್ಣನ ಮನೆ ಐತೆ."

"ಅಲ್ಲಿ ಏನ್ ಮಾಡ್ತೀಯ?"

ಬೆಟ್ಟಮ್ಮ ಗಂಟು ಕಟ್ಟುತ್ತಿದ್ದಳು. ಅಗೆಯುವ ದಿನ ಹತ್ತಿರ ಬಂದ ಹಾಗೆ ಮೋಡ ಕವಿದು ಬಿಡದೆ ಮಳೆ ಹಿಡಿಯಿತು. ಕೊಯ್ದು ಹಾಕಿದ್ದ ಭತ್ತವೆಲ್ಲ ಗದ್ದೆಯಲ್ಲೇ ನೆನೆಯಿತು. ಮಳೆ ನಿಂತು ಬಿಸಿಲು ಬಂದ ಬೆಳಿಗ್ಗೆ ಹಳ್ಳಿಗಳ ಮಣ್ಣಿನ ಕಣಗಳೆಲ್ಲ ಕೆಸರು. ಜವರಯ್ಯ ಒದ್ದೆ ಭತ್ತದ ಗಾಡಿ ಹೊಡೆದುಕೊಂಡು ಗೇಟಿಗೆ ಬಂದ. ಅವನ ಹಿಂದೆ ಇನ್ನೂ ಗಾಡಿಗಳಿದ್ದವು.

"ಅಮ್ಮ ಇಲ್ಲ ಅಂದ್ಬುಟ್ಯಂತೆ ಬೆಟ್ಟಮ್ಮ. ಕಣ ಐತೆ ತಾನೆ?"

ಬೆಟ್ಟಮ್ಮ ನೋಡಿದಳು. ಮಳೆಯ ನೀರು ಹರಿದುಹೋಗಿ, ಕುಂಕುಮ ಎಣ್ಣೆಯೆಲ್ಲ ತೊಳೆದು, ಗಾರೆ ಆಗಲೇ ಬೆಳ್ಳಗೆ ಒಣಗುತ್ತಿತ್ತು.

"ಐತೆ. ಜೋಡು ಅಲ್ಲೇ ಬುಟ್ಟು ಬಾ" ಎಂದು ಗಂಟು ಒಳಗಿಟ್ಟು, ಗೋರೆ ತೆಗೆದುಕೊಂಡಳು. ಮಂಗಳಮ್ಮನೂ ಸೀರೆ ಎತ್ತಿ ಕಟ್ಟಿದಳು.

ಮಧ್ಯಾಹ್ನ ಗುತ್ತಿಗೆದಾರನ ಲಾರಿ ಬಂದು ನಿಂತಿತು. ಹಾರೆ, ಪಿಕಾಸಿ ಹಿಡಿದು ಇಳಿದ ಆಳುಗಳು ಗೇಟಿನವರೆಗೆ ಬಂದು, ಗೋಡೆಯಿಂದ ಗೋಡೆಯವರೆಗೆ ಹರವಿದ್ದ ಭತ್ತ ನೋಡಿ, ಚಪ್ಪಲಿ ಬಿಟ್ಟು, ಕಾಂಪೌಂಡಿನ ನೆರಳಲ್ಲಿ ಕೂತುಬಿಟ್ಟರು. ಯಾರೂ ಅವರಿಗೆ ಏನೂ ಹೇಳಿರಲಿಲ್ಲ.

"ಯಾಕ್ರಲಾ ಕೂತ್ರಿ? ಅಗೀರಿ" ಎಂದ ಗುತ್ತಿಗೆದಾರ.

"ಬತ್ತದ ಮೇಲೆ ಆರೆ ಆಕಾದಾ? ನಾವೂ ಉಣ್ಣೋರು ಕಣಣ್ಣೋ. ಒಣಗ್ಲಿ ತಡಿ" ಎಂದ ಒಬ್ಬ.

ಅನಂತರಾಮು ಒಳಗಿನಿಂದ ಭತ್ತ ಎತ್ತಬೇಕೆಂದು ಕೂಗಿದರು. ಜವರಯ್ಯ ಬಹಳ ವಿನಯದಿಂದ, ಪಂಪ್‌ಸೆಟ್ಟಿನ ಕಾಗದ ಒಳಗೆ ಇದ್ದಷ್ಟು ದಿನ ತನ್ನ ಭತ್ತವೂ ಹೊರಗೆ ಇರಲಿ ಬುದ್ದಿ ಎಂದ.

ಸಂಜೆ ಆಳುಗಳು ಲಾರಿ ಹತ್ತಿದ ಮೇಲೆ ಬೆಟ್ಟಮ್ಮ ಜವರಯ್ಯನನ್ನು ಹತ್ತಿರ ಕರೆದಳು.

"ನೀನು ಎತ್ತೋ ದಿನ ಇನ್ನೊಬ್ರಿಗೆ ಏಳ್ಬುಟ್ಟು ಎತ್ತಪ್ಪ. ಕಣ ಬರಿದಾಗ್ಕೂಡ್ದು."

ಹಾಗೆಯೇ ನಡೆಯಿತು. ಭತ್ತ ಎದ್ದ ಕಡೆ ರಾಗಿ ಬಿತ್ತು, ರಾಗಿ ಎದ್ದ ಕಡೆ ಹುರುಳಿ, ಆಮೇಲೆ ಎಳ್ಳು. ಕಣ ತೆರವಾದ ಕೂಡಲೇ ಕಾಮಗಾರಿ ಆರಂಭಿಸಲಾಗುವುದು ಎಂದು ಇಲಾಖೆ ಮೇಲಕ್ಕೆ ಬರೆಯಿತು. ತೆರವಾದ ಕೂಡಲೇ ತಿಳಿಸಿ ಎಂದು ಮೇಲಿನವರು ಕೆಳಕ್ಕೆ ಬರೆದರು. ಹೊಸ ಕಟ್ಟಡ ಬರುತ್ತದೆಂದು ಮಿಲ್ಲಿನ ಹೆಂಚು ಯಾರೂ ಹೊದಿಸಲಿಲ್ಲ. ಒಂದು ಮೂಲೆ ಕುಸಿದು, ಕಡತಗಳು ಇನ್ನೊಂದು ಮೂಲೆಗೆ ಹೋದವು. ಹೆಬ್ಬಾಗಿಲ ಒಂದು ಆನೆಯ ಸೊಂಡಿಲು ಮುರಿದು ಬಿತ್ತು. ಅನಂತರಾಮು ಗೋಡೆಯ ಪಕ್ಕದಲ್ಲಿ ರೈತರು ಬಿಟ್ಟಿದ್ದ ಓಣಿಯಲ್ಲಿ ಬರಿಗಾಲಲ್ಲಿ ಓಡಾಡುತ್ತ ವರ್ಗಕ್ಕೆ ಅರ್ಜಿ ಹಾಕಿಕೊಂಡರು. ಜವರಯ್ಯನ ಕಾಗದ ಒಂದು ದಿನ ಹೊರಗೆ ಬಂತು. ಅವನ ಭತ್ತ ಮಾತ್ರ ಮುಂದಿನ ವರ್ಷವೂ ಬಂತು.

ದಶಕ ಮುಗಿಯುವ ಹೊತ್ತಿಗೆ ಬೆಟ್ಟಮ್ಮನ ಮಂಡಿ ಹಿಡಿದಿತ್ತು. ಸಾಲು ಹಾಕುವಾಗ ಗೋರೆಯನ್ನೇ ಊರುಗೋಲು ಮಾಡಿಕೊಳ್ಳುವಳು. ಮಾದಯ್ಯನ ಹಣತೆ ಮತ್ತೆ ಒಲೆಯ ಬಾಯಿಗೆ ಬಂದಿತ್ತು, ಶುಕ್ರವಾರ ಉರಿಯುತ್ತಿತ್ತು. ಮಂತ್ರಿಗಳ ಹೆಸರಿದ್ದ ಕಲ್ಲನ್ನು ರೈತರು ಅಕ್ಷರ ಕೆಳಗಾಗುವಂತೆ ಗೇಟಿನ ಪಕ್ಕ ಮಲಗಿಸಿದ್ದರು. ಚಪ್ಪಲಿ ಬಿಡಲು ಅನುಕೂಲವಾಗಿತ್ತು. ಅದರ ಒಂದು ತುದಿಯಲ್ಲಿ, ಮಂಡ್ಯಕ್ಕೆ ವರ್ಗವಾಗಿ ಹೋದ ಸಾಹೇಬರ ಹಳೆಯ ಕರಿ ಬೂಟು ಇನ್ನೂ ಕಚೇರಿಯಲ್ಲೇ ಇತ್ತು.

ಗುತ್ತಿಗೆದಾರ ಆಗಾಗ ಮೋಟಾರ್ ಸೈಕಲ್ಲಿನಲ್ಲಿ ಬಂದು ಗೇಟಿನಿಂದಲೇ ಕೇಳುವನು:

"ಯಾವಾಗಮ್ಮ ಖಾಲಿ ಆಗೋದು?"

"ಉಳ್ಳಿಕಾಳು ಎದ್ದೇಳ್ಲಿ ತಡಿಯಪ್ಪ" ಎನ್ನುವಳು ಬೆಟ್ಟಮ್ಮ, ಕಾಲು ಎಳೆಯುತ್ತ, ತಿರುಗಿ ನೋಡದೆ.